ರವದಿ ಕಳೆದ ತೂಕ

ತೂಕದ ಯಂತ್ರವು ವೈದ್ಯಕೀಯ ಉಪಕರಣವೆಂದು ನಂಬಿಕೊಂಡೇ ನಾನು ವೈದ್ಯ ಪದವಿ ಪಡೆದೆ. ಅದು ವ್ಯಾಜ್ಯದ ವಸ್ತುವೆಂದು ತಿಳಿದದ್ದು ಮುಧೋಳದ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದ ಮೇಲೆ. ಸುತ್ತಲೂ ಕಬ್ಬು. ಇಲ್ಲಿನವರೆಲ್ಲರೂ ಸಕ್ಕರೆ ಕಾರ್ಖಾನೆಯ ತೂಕದ ಕಾಟಾದ ಮುಂದೆ ಗಾಡಿ ನಿಲ್ಲಿಸಿ, ಮುಳ್ಳಿನ ಮೇಲೆ ಕಣ್ಣು ನೆಟ್ಟು, ಇದರಲ್ಲಿ ಏನೋ ಮೋಸ ಇದೆ ಎಂದು ಗೊಣಗಿದವರೇ. ಅಂಥವರೆದುರು ಮುಳ್ಳಿರುವ ಇನ್ನೊಂದು ಯಂತ್ರವನ್ನಿಟ್ಟು, "ನಿಮ್ಮ ತೂಕ ಹೆಚ್ಚಾಗಿದೆ" ಎನ್ನುವ ಕೆಲಸ ನನ್ನದು.

ಹಾಗೆನ್ನಲು ನನಗೂ ಸಂಕೋಚ. ನಾನು ಬನಹಟ್ಟಿಯ ನೇಕಾರರ ಮನೆಯವನು. ನಮ್ಮ ಓಣಿಯಲ್ಲಿ ಮೈ ತುಂಬಿಕೊಂಡವನನ್ನು ಸುಖವಾಗಿದ್ದಾನೆ ಎನ್ನುತ್ತಿದ್ದರೇ ಹೊರತು ರೋಗಿ ಎನ್ನುತ್ತಿರಲಿಲ್ಲ. ನೌಕರಿ ಸಿಕ್ಕ ಮೇಲೆ ನನ್ನ ಅಂಗಿಯ ಗುಂಡಿಗಳು ಬಿಗಿಯಾದಾಗ, ಅವ್ವ ಅದನ್ನು ಪದವಿ ಪತ್ರಕ್ಕಿಂತ ಹೆಚ್ಚಿನ ಹೆಮ್ಮೆಯಿಂದ ನೆರೆಯವರಿಗೆ ತೋರಿಸಿದಳು.

ಬೀರಪ್ಪ ಕಾಕಾ ಬಂದದ್ದು ಮೊಣಕಾಲು ನೋವೆಂದು. ಹೊಲಕ್ಕೆ ನೀರು ಬಂದು, ಕುರಿ ಮಾರಿ ಕಬ್ಬು ಹಾಕಿದ ಮೇಲೆ ಅವರ ನಡೆದಾಟ ನಿಂತಿತ್ತು, ಊಟ ನಿಂತಿರಲಿಲ್ಲ. ರಕ್ತದೊತ್ತಡ ನೋಡಿದೆ, ನನ್ನದೇ ಏರಿದಂತಾಯಿತು. ಅವರ ಅಣ್ಣ ಇದೇ ಒತ್ತಡದಿಂದ ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದರು. ತೂಕ ಇಳಿಸದಿದ್ದರೆ ಇವರೂ ಹಾಗೆಯೇ ಆದಾರೆಂಬ ಭಯದಿಂದ ಯಂತ್ರದ ಮೇಲೆ ನಿಲ್ಲಿಸಿದೆ.

"ಇದು ಖರೆ ಅಲ್ರಿ ಸಾಹೇಬ್ರ," ಎಂದರು ಬಗ್ಗಿ ನೋಡುತ್ತ. "ಫ್ಯಾಕ್ಟರಿ ಕಾಟಾ ಕಮ್ಮಿ ತೋರಸ್ತೈತಿ, ಸರಕಾರದ್ದು ಜಾಸ್ತಿ ತೋರಸ್ತೈತಿ. ಎರಡೂ ಕಡಿ ಲುಕ್ಸಾನ ನಮಗ."

"ಸರಕಾರಕ್ಕ ಇದರಾಗ ಏನ್ ಲಾಭ ಐತ್ರಿ ಕಾಕಾ?"

"ಅದನ್ನ ನೀವ ಹೇಳಬೇಕ್ರಿ. ಮತ್ತ, ರವದಿ ಕಳದಿಲ್ಲ ನೀವು."

ಕಾರ್ಖಾನೆಯವರು ಕಬ್ಬಿನ ತೂಕದಲ್ಲಿ ಒಣಗರಿಯ, ಅಂದರೆ ರವದಿಯ, ಭಾರವೆಂದು ಒಂದಿಷ್ಟನ್ನು ಕಳೆಯುತ್ತಾರೆ. ಕಾಕಾ ತಮ್ಮ ರುಮಾಲು, ಕಂಬಳಿ, ಬೆಳ್ಳಿಯ ಉಡದಾರ, ಎಲೆಅಡಿಕೆಯ ಚಂಚಿ ಎಲ್ಲವನ್ನೂ ನನ್ನ ಮೇಜಿನ ಮೇಲಿಟ್ಟು ಮತ್ತೆ ಏರಿದರು. ಮುಳ್ಳು ಅಷ್ಟಾಗಿ ಇಳಿಯಲಿಲ್ಲ. ಯಂತ್ರವನ್ನು ಪರೀಕ್ಷಿಸಲು, ಮೇಲೆ ತೂಕ ಅಚ್ಚಾಗಿರುವ ಗೊಬ್ಬರದ ಚೀಲ ತರಿಸೋಣವೆಂದೆ.

"ಗೊಬ್ಬರದ ಚೀಲ ಯಾವಾಗ ಪೂರಾ ತೂಗೈತ್ರಿ? ನೀವ ಏರ್ರಿ, ನೋಡೂಣು."

ಯಾರಾದರೂ ಹೀಗೆ ಕೇಳಿಯಾರೆಂದು ನಾನು ಮೊದಲಿನಿಂದಲೂ ಹೆದರಿದ್ದೆ. ಏರಿದೆ. ಮುಳ್ಳು ಹೋಗಿ ನಿಂತ ಜಾಗವನ್ನು ಇಲ್ಲಿ ಬರೆಯಲಾರೆ. "ಬೂಟು, ಬೆಲ್ಟು, ಕಿಸೆಯಾಗಿನ ಕೀಲಿ..." ಎಂದು ನನ್ನ ಬಾಯಿ ತಾನಾಗಿಯೇ ಶುರು ಮಾಡಿತು.

"ರವದಿ," ಎಂದರು ಕಾಕಾ, ಸಮಾಧಾನವಾಗಿ. ಮುಳ್ಳನ್ನು ಮತ್ತೊಮ್ಮೆ ನೋಡಿದರು. "ಕಾಟಾ ಛಲೋ ಐತ್ರಿ. ತನ್ನ ಮಾಲಕಗ ಲುಕ್ಸಾನ ಮಾಡೋ ಕಾಟಾ ನನ್ನ ಜಲ್ಮದಾಗ ನೋಡಿದ್ದಿಲ್ಲ. ಹೇಳ್ರಿ, ಏನೇನ್ ಬಿಡಬೇಕು?"

ಬಿಟ್ಟರು. ಬೆಲ್ಲ, ತುಪ್ಪ, ಸಂಜೆಯ ಮಿರ್ಚಿ ಭಜಿ ಎಲ್ಲ. ಹೊಲಕ್ಕೆ ನಡೆದೇ ಹೋಗತೊಡಗಿದರು, ಒತ್ತಡವೂ ಇಳಿಯಿತು. ಸಂತೆಯ ದಿನ ತಪ್ಪದೆ ಬರುತ್ತಾರೆ. ಒಂದೇ ಷರತ್ತು, ಮೊದಲು ನಾನು ಏರಬೇಕು. ಅವರ ತೂಕ ಇಳಿಯುತ್ತಿದೆ, ನನ್ನದು ಏರುತ್ತಿದೆ. ಅವರಿಗೀಗ ಯಂತ್ರದ ಮೇಲೆ ಪೂರ್ಣ ವಿಶ್ವಾಸ. ನನಗೆ ಮಾತ್ರ ಅದರ ಸ್ಪ್ರಿಂಗಿನ ಬಗೆಗೆ ಬಲವಾದ ಸಂಶಯ ಹುಟ್ಟಿ, ಬೇರೊಂದನ್ನು ಕಳುಹಿಸಬೇಕೆಂದು ಮೇಲಿನ ಕಚೇರಿಗೆ ವಿನಯಪೂರ್ವಕವಾಗಿ ಬರೆದಿದ್ದೇನೆ. ಕಾರಣ: ರೋಗಿಗಳಿಗೆ ಈ ಯಂತ್ರದಲ್ಲಿ ನಂಬಿಕೆಯಿಲ್ಲ.