ಹನ್ನೆರಡು ತುಂಡಿನ ಹಪ್ಪಳದಕ್ಕ

ಪಂಜದ ಕಡೆ ನಮ್ಮ ಮನೆತನಕ್ಕೆ ನಾಲ್ಕು ತಲೆಮಾರಿನ ಮರ್ಯಾದೆ ಉಂಟು. ಅಜ್ಜ ಪಟೇಲರಾಗಿದ್ದರು. ಗಡಿ ತಕರಾರಿನಲ್ಲಿ ಅವರು ಕೋಲು ನೆಟ್ಟ ಕಡೆ ಮತ್ತೆ ಯಾರೂ ಹಗ್ಗ ಹಿಡಿದು ಅಳೆದವರಿಲ್ಲ. ಅಜ್ಜಿ ಪಕ್ಕದ ಮನೆಯಿಂದ ಮೊಸರಿಗೆ ಹೆಪ್ಪು ತಂದರೆ ಮರುದಿನ ಅಷ್ಟೇ ಹೆಪ್ಪನ್ನು ಹಿಂದೆ ಕೊಟ್ಟುಬರುತ್ತಿದ್ದರು. ಅಪ್ಪ ನನ್ನನ್ನು ಪುತ್ತೂರಿನ ಕಾನ್ವೆಂಟಿಗೆ ಸೇರಿಸಿದರು. ಅಲ್ಲಿ ಸಿಸ್ಟರುಗಳು ಮೊದಲು ಕಲಿಸಿದ್ದು ನೆಟ್ಟಗೆ ಕೂರುವುದನ್ನು, ಎರಡನೆಯದಾಗಿ ಪಕ್ಕದವಳ ಪುಸ್ತಕ ನೋಡದಿರುವುದನ್ನು. ಇಪ್ಪತ್ತಾರು ವರ್ಷದಿಂದ ಹುಡುಗಿಯರ ಹಾಸ್ಟೆಲಿನ ವಾರ್ಡನ್ ಆಗಿ ನಾನೂ ಅದನ್ನೇ ಕಲಿಸುತ್ತಿದ್ದೇನೆ. ಇಷ್ಟು ಶಿಸ್ತಿನಲ್ಲಿ ಬದುಕುವವಳಿಗೇ ಇಂಥ ಪ್ರಸಂಗಗಳು ಯಾಕೆ ಸಾಲುಗಟ್ಟಿ ಬರುತ್ತವೆಯೋ, ನನಗೆ ತಿಳಿಯದು. ಬರುವುದಂತೂ ತಪ್ಪಿಲ್ಲ.

ನಗುವ ಅಜ್ಜಿ

ನಮ್ಮ ಮಹಿಳಾ ಸಂಘ ಹಲಸಿನ ಹಪ್ಪಳ ಮಾಡಿ ಮಾರುತ್ತದೆ. ಪುತ್ತೂರಿನಲ್ಲಿ ಮುಖ್ಯ ಸಂಘ, ಸುಳ್ಯದಲ್ಲೂ ಕಡಬದಲ್ಲೂ ಶಾಖೆ. ನಾನು ಕಾರ್ಯದರ್ಶಿ. ಕಳೆದ ವರ್ಷ ಪ್ರಿಂಟಿಂಗ್ ಪ್ರೆಸ್ಸಿನವರು ಪ್ಯಾಕೆಟಿನ ಮೇಲೆ ಒಬ್ಬ ನಗುವ ಅಜ್ಜಿಯ ಚಿತ್ರ ಹಾಕಿಕೊಟ್ಟರು. ಎಷ್ಟು ಚಂದ ಉಂಟು ಎಂದು ಎಲ್ಲರೂ ಹೊಗಳಿದೆವು. ಮೂರು ತಿಂಗಳ ನಂತರ ನೋಟೀಸು ಬಂತು. ಅದು ಇಂಟರ್ನೆಟ್ಟಿನಿಂದ ಎತ್ತಿದ ಚಿತ್ರವಂತೆ. ಅದೇ ಅಜ್ಜಿ ಬೇರೊಂದು ರಾಜ್ಯದಲ್ಲಿ ಅದೇ ನಗುವಿನೊಂದಿಗೆ ಮೊಣಕಾಲು ನೋವಿನ ಎಣ್ಣೆ ಮಾರುತ್ತಿದ್ದಳು.

ಪ್ಯಾಕೆಟುಗಳನ್ನೆಲ್ಲ ಸುಟ್ಟೆವು. ಸಭೆಯಲ್ಲಿ ನಾನು ಎದ್ದು ನಿಂತು ಹೇಳಿದೆ, "ಹೊಸ ಚಿತ್ರ ನಾನೇ ಮಾಡುತ್ತೇನೆ. ಅದು ಪೂರ್ತಿ ಸ್ವಂತದ್ದಾಗಿರುತ್ತದೆ. ನಕಲು ಎಂದು ರುಜುವಾತಾದರೆ ಕಾರ್ಯದರ್ಶಿ ಸ್ಥಾನ ಬಿಡುತ್ತೇನೆ."

"ಈ ಮಾತನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ" ಎಂದರು ಅಧ್ಯಕ್ಷೆ. ನಡಾವಳಿ ಬರೆಯುವುದು ಕಾರ್ಯದರ್ಶಿಯ ಕೆಲಸ. ನನ್ನ ಕುತ್ತಿಗೆಯ ಹಗ್ಗವನ್ನು ನಾನೇ ಮುತ್ತಿನಂಥ ಅಕ್ಷರದಲ್ಲಿ ಬರೆದೆ.

ಮೂಗಿಗೆ ಜಾಗ

ಪುತ್ತೂರಿನ ಬಸ್ ಸ್ಟ್ಯಾಂಡಿನ ಹತ್ತಿರ, ಮಾಳಿಗೆಯ ಮೇಲೊಂದು ಕಂಪ್ಯೂಟರ್ ತರಗತಿ. ಕಲಿಸುವವಳು ನನ್ನ ಹಾಸ್ಟೆಲಿನ ಹುಡುಗಿಯರ ಪ್ರಾಯದವಳು.

"ಮೇಡಂ, ಇಲ್ಲಿ ಕೈಯಲ್ಲಿ ಗೆರೆ ಎಳೆಯುದಿಲ್ಲ" ಎಂದಳು. "ಏಳು ಬಗೆಯ ಆಕೃತಿ ಉಂಟು. ವೃತ್ತ, ಅರ್ಧವೃತ್ತ, ತ್ರಿಕೋನ, ಚೌಕ, ಆಯತ, ಮೊಟ್ಟೆ, ನೀರಿನ ಹನಿ. ದೊಡ್ಡದು ಸಣ್ಣದು ಮಾಡಬಹುದು, ತಿರುಗಿಸಬಹುದು, ಬಣ್ಣ ತುಂಬಬಹುದು. ಒಟ್ಟು ಹನ್ನೆರಡು ತುಂಡು. ಹದಿಮೂರನೆಯದು ಇಲ್ಲ."

"ಯಾಕೆ ಇಲ್ಲ?"

"ಕಡಿಮೆ ಇದ್ದರೆ ತಲೆ ಓಡ್ತದೆ ಮೇಡಂ. ಮತ್ತೆ ಇದು ವೆಕ್ಟರ್ ಚಿತ್ರ. ಪ್ಯಾಕೆಟಿಗೆ ಸಣ್ಣದು ಮಾಡಿ, ಬಸ್ಸಿನ ಬದಿಗೆ ದೊಡ್ಡದು ಮಾಡಿ, ಗೆರೆ ಒಂಚೂರೂ ಒಡೆಯುದಿಲ್ಲ."

ನಿಯಮ ಎಂದರೆ ನನಗೆ ಗೌರವ. ತಲೆ, ಕೂದಲು, ತುರುಬು, ಎರಡು ಕಣ್ಣು, ಬಾಯಿ, ಮೈ, ಸೀರೆಯ ಅಂಚು, ಎರಡು ಕೈ, ಎರಡು ಕಾಲು. ಹನ್ನೆರಡು ಮುಗಿಯಿತು. ಮೂಗಿಲ್ಲ.

"ಮೂಗಿಲ್ಲದವಳಿಗೆ ಹಪ್ಪಳ ಕರಿದದ್ದು ಗೊತ್ತಾಗುವುದು ಹೇಗೆ?" ಎಂದೆ.

"ಕಾಲು ಬಿಡಿ ಮೇಡಂ. ಹೇಗೂ ಸೀರೆಯ ಅಡಿಗೆ ಹೋಗ್ತದೆ."

ಎರಡು ಕಾಲು ಕಳೆದು ಒಂದು ಮೂಗು ಕೂಡಿಸಿದೆ. ಉಳಿದ ಒಂದು ತುಂಡನ್ನು ಅರ್ಧವೃತ್ತ ಮಾಡಿ ಅರ್ಧ ಹಪ್ಪಳವೆಂದು ತಲೆಯ ಹಿಂದೆ ಅಲಂಕಾರಕ್ಕಿಟ್ಟೆ. ಹೆಸರು ಹಪ್ಪಳದಕ್ಕ. ತೃಪ್ತಿಯಿಂದ ಅವಳನ್ನು ಹಾಳೆಯ ನಡುವಿಗೆ ಎಳೆದೆ. ತಲೆ ಮಾತ್ರ ಬಂತು. ಮೈ ಮೂಲೆಯಲ್ಲೇ ಕೈ ಚಾಚಿ ನಿಂತಿತ್ತು.

"ಎಲ್ಲವನ್ನೂ ಸೇರಿಸಿ ಗ್ರೂಪ್ ಮಾಡಲಿಕ್ಕೆ ಹೇಳಿದ್ದೆ ಮೇಡಂ" ಎಂದಳು ಹುಡುಗಿ.

ಇಪ್ಪತ್ತಾರು ವರ್ಷ ಹುಡುಗಿಯರನ್ನು ಗುಂಪು ಮಾಡಿಯೇ ಪೇಟೆಗೆ ಕಳುಹಿಸಿದವಳು ನಾನು. ನನ್ನ ಕಣ್ಣೆದುರೇ ಒಂದು ತಲೆ ಒಂಟಿಯಾಗಿ ಹೊರಟುಹೋಗಿತ್ತು.

ಸುಳ್ಯದವರ ತಿದ್ದುಪಡಿ

ಮೂರೂ ಕಡೆಯವರು ಒಪ್ಪಬೇಕೆಂಬುದು ಸಂಘದ ಕ್ರಮ. ಮೊದಲು ಸುಳ್ಯಕ್ಕೆ ಹೋದೆ. ಶಾಖೆಯ ಹೆಂಗಸರು ಚಿತ್ರವನ್ನು ಕೈಯಿಂದ ಕೈಗೆ ದಾಟಿಸಿದರು. ತಮ್ಮೊಳಗೆ ಆ ಕಡೆಯ ಅರೆಭಾಷೆಯಲ್ಲಿ ಏನೋ ಮಾತಾಡಿಕೊಂಡರು. ಕೊನೆಗೆ ಅವರಲ್ಲಿ ಹಿರಿಯವರು ಕನ್ನಡಕ್ಕೆ ಬಂದರು.

"ಎಲ್ಲ ಸರಿ ಉಂಟು ಅಕ್ಕ. ಕುತ್ತಿಗೆ ಬರಿದು. ನೋಡಿದವರು ಎಂತ ಹೇಳಿಯಾರು? ಒಂದು ಕರಿಮಣಿ ಹಾಕಿ."

"ಒಂದೊಂದು ಮಣಿಗೂ ಒಂದೊಂದು ವೃತ್ತ ಬೇಕಾಗುತ್ತದೆ. ಹನ್ನೆರಡೇ ತುಂಡು."

"ಹಾಗಾದ್ರೆ ಒಂದು ಕೈ ತೆಗೀರಿ. ಒಂದು ಕೈಯಲ್ಲೂ ಹಪ್ಪಳ ಒತ್ತಬಹುದು."

"ಕೈ ತೆಗೆಯುವುದಿಲ್ಲ."

"ಕರಿಮಣಿ ಇಲ್ಲದೆ ಒಪ್ಪುದು ಹೇಗೆ ಮಾರಾಯ್ರೆ?"

ಅರ್ಧ ಗಂಟೆ ಹೀಗೇ ಹೋಯಿತು. ಕೊನೆಗೆ ದಾರಿ ಕಾಣದೆ, "ಅವಳಿಗೆ ಮದುವೆಯಾಗಿಲ್ಲ" ಎಂದುಬಿಟ್ಟೆ.

ಹಿರಿಯವರು ಚಿತ್ರವನ್ನು ಮತ್ತೆ ಹತ್ತಿರ ಹಿಡಿದು, ಈ ಸಲ ಬೇರೆಯೇ ಕಣ್ಣಿನಿಂದ ನೋಡಿದರು.

"ಹೌದಾ? ಮೊದಲೇ ಹೇಳುದಲ್ವಾ. ಹಾಗಾದ್ರೆ ಕರಿಮಣಿ ಬೇಡ. ಪ್ರಾಯ ಎಷ್ಟು? ನಮ್ಮ ಕಡೆ ಒಬ್ಬ ಇದ್ದಾನೆ. ರಬ್ಬರ್ ತೋಟ ಉಂಟು, ಕುಡಿಯುದಿಲ್ಲ."

ಕಡಬದ ಸರ್ವಾನುಮತ

ಕಡಬಕ್ಕೆ ಮೂರಡಿ ಎತ್ತರದ ಪ್ರಿಂಟ್ ಮಾಡಿಸಿ, ಸುರುಳಿ ಸುತ್ತಿ, ಜೀಪಿನಲ್ಲಿ ತೆಗೆದುಕೊಂಡು ಹೋದೆ. ಹಪ್ಪಳದಕ್ಕನಿಗೆ ಆಗ ಕೆಂಪು ಸೀರೆ, ಹಳದಿ ಮುಖ. ಸಭೆ ನಡೆಯುವ ಮನೆಯ ಚಾವಡಿಯಲ್ಲಿ ಗೋಡೆಗೆ ಅಂಟಿಸಿ, ಕೈ ತೊಳೆಯಲು ಹಿತ್ತಿಲಿಗೆ ಹೋದೆ.

ಬರುವಾಗ ಮೆಟ್ಟಿಲಿನ ಕೆಳಗೆ ಚಪ್ಪಲಿಗಳ ಸಾಲು. ಚಿತ್ರದ ಮುಂದೆ ದೀಪ ಉರಿಯುತ್ತಿತ್ತು. ಯಾರೋ ಬಾಳೆಲೆಯಲ್ಲಿ ಅಡಿಕೆ ಹೂವಿನ ಹಿಂಗಾರ ತಂದಿಟ್ಟಿದ್ದರು. ಹತ್ತು ಹನ್ನೆರಡು ಹೆಂಗಸರು ಕೈ ಕಟ್ಟಿ ನಿಂತಿದ್ದರು.

ಮನೆಯಾಕೆ ನನ್ನ ಕಿವಿಯ ಹತ್ತಿರ ಬಂದು ಕೇಳಿದರು, "ಇದು ಯಾವ ದೈವ ಅಕ್ಕ? ಈ ಮುಖ ನಾವು ನೋಡಿದ್ದಿಲ್ಲ."

ಆಗ ನಾನು ಚಿತ್ರವನ್ನು ಅವರ ಕಣ್ಣಿನಿಂದ ನೋಡಿದೆ. ಕೆಂಪು ಬಟ್ಟೆ, ಹಳದಿ ಮುಖ, ತಲೆಯ ಹಿಂದೆ ಅರ್ಧಚಂದ್ರ. ನಮ್ಮ ಊರಿನಲ್ಲಿ ಕೋಲದ ದಿನ ದೈವ ಬೆನ್ನಿಗೆ ಕಟ್ಟಿಕೊಳ್ಳುವ ಅಣಿ ಎಂಬ ಕಮಾನು ತದ್ವತ್ ಹಾಗೆಯೇ ಇರುತ್ತದೆ.

"ದೈವ ಅಲ್ಲ. ಅದು ಹಪ್ಪಳ."

"ಹಾಗೆ ಹೇಳ್ಬೇಡಿ. ಮತ್ತೆ ತಪ್ಪುಕಾಣಿಕೆ ಇಡ್ಬೇಕಾದೀತು."

ಕೆಳಗಿಳಿಸಲು ಯಾರೂ ಮುಂದೆ ಬರಲಿಲ್ಲ. ಹಚ್ಚಿದ ದೀಪವನ್ನು ನಡುವೆ ಆರಿಸುವಂತೆಯೂ ಇರಲಿಲ್ಲ. ಎಣ್ಣೆ ಮುಗಿಯುವವರೆಗೆ ಸಭೆ ನಿಂತುಕೊಂಡೇ ನಡೆಯಿತು. "ಚಿತ್ರಕ್ಕೆ ಯಾರದ್ದಾದರೂ ವಿರೋಧ ಉಂಟಾ?" ಎಂದು ಕ್ರಮದಂತೆ ಕೇಳಿದೆ. ಸಂಘದ ಇತಿಹಾಸದಲ್ಲಿ ಅಂಥ ಒಮ್ಮತ ಆ ಮೊದಲು ಬಂದದ್ದಿಲ್ಲ.

ನಕಲು

ಕಡಬದಿಂದ ಬಂದವಳೇ ಅರ್ಧ ಹಪ್ಪಳವನ್ನು ತಲೆಯ ಹಿಂದಿನಿಂದ ತೆಗೆದು ಕೈಗೆ ಕೊಟ್ಟೆ. ಕೆಂಪು ಹಳದಿ ಬೇಡವೆಂದು ಸೀರೆಗೆ ಬೂದು ಬಣ್ಣ, ಮುಖಕ್ಕೆ ಗೋಧಿ ಬಣ್ಣ ತುಂಬಿದೆ. ನಗುವ ಅಜ್ಜಿಯಿಂದ ಆದ ತೊಂದರೆ ಸಾಕಾಗಿತ್ತು. ಬಾಯಿಗೆ ಅರ್ಧವೃತ್ತದ ಬದಲು ತೆಳುವಾದ ಒಂದು ಆಯತವನ್ನು ಅಡ್ಡಕ್ಕೆ ಇಟ್ಟೆ. ನೋಡಲು ಗಂಭೀರವಾಗಿತ್ತು, ಮರ್ಯಾದಸ್ಥೆಯ ಹಾಗಿತ್ತು.

ಕೊನೆಯ ಸಭೆ ಪುತ್ತೂರಿನಲ್ಲಿ, ನಮ್ಮ ಹಾಸ್ಟೆಲಿನ ಊಟದ ಹಾಲಿನಲ್ಲಿ, ಭಾನುವಾರ ಬೆಳಿಗ್ಗೆ. ಆಳೆತ್ತರದ ಪ್ರಿಂಟನ್ನು ಬಾಗಿಲ ಬದಿಯಲ್ಲಿ ನಿಲ್ಲಿಸಿದ್ದೆ. ಮೂರೂ ಕಡೆಯಿಂದ ಮೂವತ್ತು ಮಂದಿ ಸೇರಿದ್ದರು. ಅಧ್ಯಕ್ಷೆ ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು.

"ಇದು ನಕಲು" ಎಂದರು.

"ಯಾವುದರ ನಕಲು?"

"ಅದನ್ನು ನಾನು ಹೇಳುದು ಚಂದ ಅಲ್ಲ."

"ಹೇಳಬೇಕು. ನನ್ನ ಸ್ಥಾನದ ಪ್ರಶ್ನೆ ಇದು."

ಅವರು ಉತ್ತರಿಸುವ ಮೊದಲು ಹಾಸ್ಟೆಲಿನ ಮೂವರು ಹುಡುಗಿಯರು ಮೊಬೈಲ್ ನೋಡುತ್ತ, ನಗುತ್ತ ಜಗಲಿಯಲ್ಲಿ ಬಂದರು. ಬಾಗಿಲಿಗೆ ಬಂದು ತಲೆ ಎತ್ತಿದರು. ಮೊಬೈಲುಗಳು ಶಾಲಿನೊಳಗೆ ಮಾಯವಾದವು. ಮೂವರೂ ನೆಟ್ಟಗೆ ನಿಂತು ಹಪ್ಪಳದಕ್ಕನಿಗೆ, "ಗುಡ್ ಮಾರ್ನಿಂಗ್ ಮೇಡಂ" ಎಂದರು.

ಹಪ್ಪಳದಕ್ಕ ಉತ್ತರಿಸಲಿಲ್ಲ. ಮೊದಲನೆಯವಳಿಗೆ ಹೆದರಿಕೆ ಹೆಚ್ಚಾಯಿತು. "ನನ್ನದಲ್ಲ ಮೇಡಂ, ಇವಳ ಮೊಬೈಲ್" ಎಂದಳು. ಎರಡನೆಯವಳು ಅಳುವ ಹಾಗಾದಳು. ಮೂರನೆಯವಳು ಆಚೀಚೆ ನೋಡುವಾಗ ಹಾಲಿನ ಹಿಂಬದಿಯಲ್ಲಿ ನಿಂತಿದ್ದ ನಾನು ಕಣ್ಣಿಗೆ ಬಿದ್ದೆ. ಅವಳು ಗೆಳತಿಯ ಕೈ ಜಗ್ಗಿ ಮೆಲ್ಲಗೆ ಹೇಳಿದಳು, "ಸುಮ್ಮನಿರೇ, ಇನ್ನೊಬ್ಬರು ಅಲ್ಲಿದ್ದಾರೆ."

ನಗು ನಿಲ್ಲಲು ಹತ್ತು ನಿಮಿಷ ಬೇಕಾಯಿತು. ಅಧ್ಯಕ್ಷೆ ಕಣ್ಣೊರೆಸಿಕೊಂಡು, "ಇನ್ನು ನಾನು ಹೇಳುದು ಬೇಡವಲ್ಲ? ಕಾರ್ಯದರ್ಶಿಯವರು ಮಾತಿನಂತೆ ಸ್ಥಾನ ಬಿಡಬೇಕು" ಎಂದರು.

ನಾನು ಮುಂದೆ ಬಂದು ಹೇಳಿದೆ: "ಕಂಪ್ಯೂಟರ್ ತರಗತಿಯಲ್ಲಿ ಕನ್ನಡಿ ಇಲ್ಲ. ನನ್ನ ಮುಖ ಒಂದು ಮೊಟ್ಟೆ, ಎರಡು ವೃತ್ತ, ಒಂದು ಹನಿ, ಒಂದು ಅಡ್ಡ ಆಯತಕ್ಕೆ ಮುಗಿಯುತ್ತದೆ ಎಂದು ನನಗೂ ಇವತ್ತೇ ಗೊತ್ತಾದದ್ದು. ಆದರೆ ಈ ಮುಖವನ್ನು ನಾನು ಯಾರಿಂದಲೂ ಎತ್ತಿದ್ದಲ್ಲ. ನನ್ನ ಚಿತ್ರದಲ್ಲಿ ನನ್ನದೇ ಮುಖ ಬಂದರೆ, ಅದಕ್ಕಿಂತ ಸ್ವಂತದ್ದು ಯಾವುದು ಉಂಟು, ತೋರಿಸಿ."

ಕೈ ಎತ್ತಲು ಹೇಳಿದಾಗ ಅಧ್ಯಕ್ಷೆಯ ಕೈ ಬಿಟ್ಟು ಉಳಿದವೆಲ್ಲ ಎದ್ದವು. ಪ್ಯಾಕೆಟ್ ಈಗ ಅಂಗಡಿಗಳಲ್ಲಿ ಉಂಟು. ಹಪ್ಪಳ ಮುರಿದಿದೆ ಎಂದು ಹಿಂದೆ ತರುವವರು ಕಡಿಮೆಯಾಗಿದ್ದಾರಂತೆ. ಪ್ಯಾಕೆಟ್ ನೋಡಿದರೆ ಅವರಿಗೆ ತಮ್ಮದೇ ತಪ್ಪು ಅನ್ನಿಸುತ್ತದೆ ಎಂದು ಒಬ್ಬ ಅಂಗಡಿಯವರು ಹೇಳಿದರು.

ಅಧ್ಯಕ್ಷೆಯವರು ಮಾತ್ರ ಆ ಮಾತನ್ನು ಇನ್ನೂ ಹಿಂದೆ ತೆಗೆದುಕೊಂಡಿಲ್ಲ. ನಕಲು ಎಂದು ಅವರು ಹೇಳಿದ್ದು ಮೂವತ್ತು ಮಂದಿಯ ಎದುರು. ಅದೇ ಮೂವತ್ತು ಮಂದಿಯ ಎದುರು ಅವರು ಎದ್ದು ನಿಂತು ನನ್ನಲ್ಲಿ ಕ್ಷಮೆ ಕೇಳಬೇಕು.