ಈರುಳ್ಳಿ ತಿನ್ನದ ಮೀನುಗಾರ

ಇಡೀ ಜಯನಗರದಲ್ಲಿ ಈರುಳ್ಳಿಯನ್ನೂ ಮುಟ್ಟದ ಮೀನುಗಾರ ಯಾರಾದರೂ ಇದ್ದರೆ ಅದು ನಮ್ಮ ಚಿಕ್ಕಪ್ಪ ಒಬ್ಬರೇ. ಬೇಕಾದರೆ ಒಂದನೇ ಬ್ಲಾಕಿನಿಂದ ಒಂಬತ್ತನೇ ಬ್ಲಾಕಿನವರೆಗೆ ವಿಚಾರಿಸಿಕೊಂಡು ಬನ್ನಿ, ನಾನು ಇಲ್ಲೇ ಕೂತಿರುತ್ತೇನೆ! ದಿನಾ ಬೆಳಿಗ್ಗೆ ಸಂಧ್ಯಾವಂದನೆ, ಏಕಾದಶಿಗೆ ಉಪವಾಸ, ಹೋಟೆಲಿಗೆ ಹೋದರೆ ಸಾಂಬಾರಿಗೆ ಈರುಳ್ಳಿ ಹಾಕಿದ್ದೀರಾ ಎಂದು ಸಪ್ಲೈಯರನ್ನು ಮೂರು ಸಲ ಕೇಳುವ ಮನುಷ್ಯ. ಭಾನುವಾರ ಬಂತೆಂದರೆ ಮಾತ್ರ ಹೆಗಲ ಮೇಲೆ ಗಾಳದ ಕೋಲು!

ಮೀನು ತಿನ್ನದವರು ಮೀನು ಯಾಕೆ ಹಿಡಿಯಬೇಕು? ಈ ಪ್ರಶ್ನೆಯನ್ನು ನಮ್ಮ ಬಳಗದಲ್ಲಿ ಕೇಳದವರಿಲ್ಲ. ಚಿಕ್ಕಪ್ಪ ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದರು.

"ಕ್ರಿಕೆಟ್ ಆಡೋರೆಲ್ಲ ಚೆಂಡು ತಿಂತಾರೇನೋ?"

ವಿಮೆ ಕಚೇರಿಯಿಂದ ನಿವೃತ್ತರಾದ ಹೊಸತರಲ್ಲಿ ಅವರಿಗೆ ಈ ಹುಚ್ಚು ಹತ್ತಿತು. ಹೊತ್ತು ಹೋಗದೆ ಫೋನಿನಲ್ಲಿ ವಿಡಿಯೋ ನೋಡುತ್ತ ಕೂತಿದ್ದಾಗ, ಟೋಪಿ ಹಾಕಿದ ಒಬ್ಬ ಅಮೆರಿಕದ ಮುದುಕ ದೋಣಿಯಲ್ಲಿ ನಿಂತು ಬಾಸ್ ಎನ್ನುವ ಮೀನು ಹಿಡಿದು, ಅದರ ಮುಖವನ್ನು ಪ್ರೀತಿಯಿಂದ ನೋಡಿ, ವಾಪಸು ನೀರಿಗೆ ಬಿಟ್ಟನಂತೆ. ಅಷ್ಟೇ. ಚಿಕ್ಕಪ್ಪ ಅಂದು ರಾತ್ರಿ ಊಟಕ್ಕೆ ಕೂತಾಗ ಘೋಷಿಸಿಬಿಟ್ಟರು: ಸಾಯುವುದರೊಳಗೆ ತಾನೂ ಒಂದೇ ಒಂದು ಮೀನನ್ನು ಹಾಗೆ ಹಿಡಿಯಬೇಕು, ಮುಖ ನೋಡಬೇಕು, ಬಿಟ್ಟುಬಿಡಬೇಕು. ಮಗಳ ಮದುವೆಯಾಗಿತ್ತು, ಮನೆ ಕಟ್ಟಿಯಾಗಿತ್ತು, ಕಾಶಿಗೂ ಹೋಗಿಬಂದಾಗಿತ್ತು. ಬಾಕಿ ಇದ್ದದ್ದು ಇದೊಂದೇ ಆಸೆ. ಚಿಕ್ಕಮ್ಮ ಮಜ್ಜಿಗೆ ಬಡಿಸುವುದನ್ನು ನಿಲ್ಲಿಸಿ ಅವರ ಹಣೆ ಮುಟ್ಟಿ ನೋಡಿದರು.

ಎರೆಹುಳು ಚುಚ್ಚುವುದು ಹಿಂಸೆ. ಆದ್ದರಿಂದ ಅದು ಬೇಡ. ರಾಗಿಹಿಟ್ಟಿನ ಉಂಡೆ ಕಟ್ಟಬಹುದಲ್ಲ ಎಂದು ನಾನು ಕೇಳಿದೆ. ಅದಂತೂ ಬೇಡವೇ ಬೇಡ ಎಂದರು. ಹಸಿದವರಿಗೆ ಅನ್ನ ತೋರಿಸಿ ಮೋಸ ಮಾಡುವುದು ಮಹಾಪಾಪವಂತೆ. ಪ್ಲಾಸ್ಟಿಕ್ ತೋರಿಸಿ ಮೋಸ ಮಾಡಿದರೆ ಅದು ಬರೀ ಆಟವಂತೆ! ಹೀಗಾಗಿ ಅವರು ನೆಚ್ಚಿಕೊಂಡದ್ದು ಲ್ಯೂರ್‌ಗಳನ್ನು, ಅಂದರೆ ಮೀನನ್ನು ಮರುಳು ಮಾಡಲೆಂದೇ ಗಾಳಕ್ಕೆ ಕಟ್ಟುವ ನಕಲಿ ತಿಂಡಿಗಳನ್ನು. ರಬ್ಬರ್ ಹುಳು, ರಬ್ಬರ್ ಕಪ್ಪೆ, ಹೊಟ್ಟೆಯೊಳಗೆ ಗುಂಡು ಗಲಗಲ ಎನ್ನುವ ಪ್ಲಾಸ್ಟಿಕ್ ಮೀನು, ನೀರೊಳಗೆ ತಿರುಗುತ್ತ ಮಿಂಚುವ ತಗಡು. ನಾಲ್ಕು ಅಂತಸ್ತಿನ ಪೆಟ್ಟಿಗೆಯೊಂದರಲ್ಲಿ ಇವನ್ನೆಲ್ಲ ಬಣ್ಣವಾರು ಜೋಡಿಸಿಟ್ಟಿದ್ದರು. ಒಂದೊಂದು ಕೊಕ್ಕೆಯ ಹಿಂಬದಿಯ ಮುಳ್ಳನ್ನೂ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡುತ್ತಿದ್ದರು. ಮೀನಿಗೆ ನೋವಾಗಬಾರದಲ್ಲ!

ಯಾವಾಗ ಯಾವುದನ್ನು ಕಟ್ಟಬೇಕು ಎನ್ನುವುದಕ್ಕೆ ದೊಡ್ಡ ಶಾಸ್ತ್ರವೇ ಇತ್ತು. ನೀರು ತಿಳಿಯಾಗಿದ್ದರೆ ಸಣ್ಣದು, ಮಾಸಲು ಬಣ್ಣದ್ದು. ಮಳೆ ಬಂದು ನೀರು ಕಲಕಿದ್ದರೆ ಬಿಳಿಯದು, ಸದ್ದು ಮಾಡುವುದು. ಚಳಿಯಿದ್ದರೆ ನಿಧಾನವಾಗಿ ಎಳೆಯಬೇಕು, ಬಿಸಿಲೇರಿದರೆ ನೆರಳಿಗೆ ಎಸೆಯಬೇಕು. ಈ ಶಾಸ್ತ್ರವನ್ನು ಅವರು ಸಂಸಾರಕ್ಕೂ ಹಚ್ಚಿಬಿಟ್ಟಿದ್ದರು. ಒಂದು ಬೆಳಿಗ್ಗೆ ನಾನು ಹೋದಾಗ ಗೇಟಿನಲ್ಲೇ ತಡೆದು, ಇವತ್ತು ಕೆಲಸದವಳು ಬಂದಿಲ್ಲ, ಒಳಗೆ ನೀರು ಕಲಕಿದೆ, ಕಾಫಿ ಕೇಳುವುದಾದರೆ ಮೊದಲು ಪಾತ್ರೆ ತೊಳೆದು ಸ್ವಲ್ಪ ಸದ್ದು ಮಾಡು ಎಂದು ಪಿಸುಗುಟ್ಟಿದರು. ನಾನು ನಾಲ್ಕು ತಟ್ಟೆ ತೊಳೆದೆ. ಕಾಫಿ ಬಂತು, ಜೊತೆಗೆ ಎರಡು ಕೋಡುಬಳೆಯೂ ಬಂತು. ಶಾಸ್ತ್ರ ಸುಳ್ಳು ಎಂದು ಹೇಗೆ ಹೇಳಲಿ?

ಸಂಜೆ ಹೊತ್ತು ತಾರಸಿಯ ಮೇಲೆ ಎಸೆಯುವ ಅಭ್ಯಾಸ ನಡೆಯುತ್ತಿತ್ತು. ಗುರಿ, ತುಳಸಿಕಟ್ಟೆಯ ಪಕ್ಕದ ನೀಲಿ ಬಕೆಟ್ಟು. ಒಂದು ದಿನ ಗಾಳಿ ಬೀಸಿ ಗಾಳ ಗೋಡೆ ದಾಟಿ ಪಕ್ಕದ ಮನೆಯಲ್ಲಿ ಒಣಹಾಕಿದ್ದ ಸೀರೆಗೆ ಸಿಕ್ಕಿಕೊಂಡಿತು. ಚಿಕ್ಕಪ್ಪ ಏನೂ ಆಗದವರಂತೆ ನಿಧಾನವಾಗಿ ಎಳೆಯತೊಡಗಿದರು. ಆರು ಗಜದ ಸೀರೆ ಗೋಡೆ ಹತ್ತಿ ಈ ಕಡೆ ಇಳಿಯುತ್ತಿರುವಾಗ ಅದರ ಇನ್ನೊಂದು ತುದಿ ಹಿಡಿದುಕೊಂಡು ಪಕ್ಕದ ಮನೆಯ ಆಂಟಿ ಕಾಣಿಸಿಕೊಂಡರು. ಸ್ವಲ್ಪ ಹೊತ್ತು ಇಬ್ಬರೂ ಬಿಡಲಿಲ್ಲ.

"ಅಂಕಲ್, ಇದು ಸಣ್ಣದು. ನೀರಿಗೆ ವಾಪಸ್ ಬಿಟ್ಬಿಡಿ," ಎಂದರು ಆಕೆ ತಣ್ಣಗೆ.

ಬೆಳ್ಳುಳ್ಳಿ ಪ್ರಕರಣ ಇದಕ್ಕಿಂತ ಘನವಾದದ್ದು. ನಮ್ಮ ತಾತನ ತಿಥಿಯ ದಿನ, ಪುರೋಹಿತರು ಈಗಷ್ಟೇ ಬಂದು ಕೂತಿದ್ದಾರೆ, ಆಗ ಕೊರಿಯರ್‌ನವನು ಒಂದು ಪೊಟ್ಟಣ ಕೊಟ್ಟು ಹೋದ. ತಿಥಿಯ ಸಾಮಾನು ಇರಬೇಕೆಂದು ಚಿಕ್ಕಮ್ಮ ಅದನ್ನು ನಡುಮನೆಯಲ್ಲೇ ಬಿಚ್ಚಿದರು. ಒಳಗೆ ಹನ್ನೆರಡು ರಬ್ಬರ್ ಹುಳುಗಳು. ಮೀನುಗಳಿಗೆ ಇಷ್ಟವೆಂದು ಆ ಕಂಪನಿಯವರು ಹುಳುಗಳಿಗೆ ಬೆಳ್ಳುಳ್ಳಿಯ ವಾಸನೆ ಹಚ್ಚಿದ್ದರು! ಚಿಕ್ಕಪ್ಪ ಬಣ್ಣ ನೋಡಿ ತರಿಸಿದ್ದರೇ ಹೊರತು ಪೊಟ್ಟಣದ ಮೇಲಿನ ಸಣ್ಣ ಅಕ್ಷರ ಓದಿರಲಿಲ್ಲ. ಮೂರು ತಲೆಮಾರಿನಿಂದ ಬೆಳ್ಳುಳ್ಳಿ ಹೊಸಿಲು ದಾಟದ ಮನೆ. ಪುರೋಹಿತರು ಮೂಗು ಅರಳಿಸಿ, ಪಕ್ಕದ ಮನೆಯವರೇನು ಸಾರಿಗೆ ಒಗ್ಗರಣೆ ಹಾಕುತ್ತಿದ್ದಾರೆಯೇ ಎಂದು ಸಂಕೋಚದಿಂದ ಕೇಳಿದರು. ಚಿಕ್ಕಮ್ಮ ಪೊಟ್ಟಣವನ್ನು ಚಿಮಟದಲ್ಲಿ ಹಿಡಿದು ಹಿತ್ತಲಿಗೆ ಸಾಗಿಸಿ, ಗಂಡನನ್ನು ಕರೆದು ತಗ್ಗಿದ ದನಿಯಲ್ಲಿ ಹೇಳಿದ್ದನ್ನು ನಾನು ಕೇಳಿಸಿಕೊಂಡೆ.

"ಮೀನು ಹಿಡಿಯೋದಾದ್ರೆ ಹಿಡ್ಕೊಳಿ, ನಾನು ಬೇಡ ಅನ್ನಲ್ಲ. ಬೆಳ್ಳುಳ್ಳಿ ಮಾತ್ರ ಈ ಮನೆಗೆ ಬೇಡ."

ಆ ಹುಳುಗಳಿಗೆ ಮೂರು ದಿನ ಸೀಗೆಕಾಯಿ ಹಚ್ಚಿ ಅಭ್ಯಂಜನ ಮಾಡಿಸಲಾಯಿತು. ಅಷ್ಟಾದರೂ ವಾಸನೆ ಹೋಗದೆ ಕೊನೆಗೆ ಅವು ನನ್ನ ಕಾರಿನ ಡಿಕ್ಕಿಗೆ ಬಂದವು. ನನ್ನ ಕಾರಿನಲ್ಲಿ ಇವತ್ತಿಗೂ ಯಾರೂ ಕಿಟಕಿ ಮುಚ್ಚಿ ಕೂರುವುದಿಲ್ಲ.

ಕಾರಿನ ಮಾತು ಬಂತಲ್ಲ, ಸಾರಥಿ ನಾನೇ. ಜೆ.ಪಿ. ನಗರದಲ್ಲಿರುವ ತಪ್ಪಿಗೆ ಭಾನುವಾರ ಬೆಳಿಗ್ಗೆ ಆರಕ್ಕೆ ಎದ್ದು ಚಿಕ್ಕಪ್ಪನನ್ನು ಹತ್ತಿಸಿಕೊಂಡು ತಲಘಟ್ಟಪುರದ ಆಚೆ ಹೋಗಬೇಕು. ಅಲ್ಲಿ ಗೌಡರೊಬ್ಬರು ತಮ್ಮ ಹಳೆಯ ಗದ್ದೆಯನ್ನು ತೋಡಿಸಿ ದೊಡ್ಡ ಹೊಂಡ ಮಾಡಿ, ಗಾಳ ಹಾಕುವ ಹವ್ಯಾಸದವರಿಗೆ ಬಿಟ್ಟಿದ್ದರು. ಚಿಕ್ಕಪ್ಪ ಅಲ್ಲಿ ಬಿಸಿಲು, ಮೋಡ, ಗಾಳಿ ಎಲ್ಲ ಅಳೆದು ತೂಗಿ ಅಮೆರಿಕದ ಮುದುಕ ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತಿದ್ದರು. ಎರಡು ವರ್ಷವಾದರೂ ಒಂದು ಮೀನೂ ಕಚ್ಚಲಿಲ್ಲ. ಕೊನೆಗೆ ಗೌಡರಿಗೇ ಮನಸ್ಸು ತಡೆಯಲಿಲ್ಲ. ಹತ್ತಿರ ಬಂದು ಪೆಟ್ಟಿಗೆಯೊಳಗೆ ಇಣುಕಿ ನೋಡಿ, ಹೊಂಡದಲ್ಲಿರುವುದೆಲ್ಲ ರೋಹು, ಕಾಟ್ಲಾ ಎಂದು ತಿಳಿಸಿದರು. ಬಾಸ್ ಎನ್ನುವ ಮೀನಿನ ಹೆಸರನ್ನೇ ಅವರು ಕೇಳಿರಲಿಲ್ಲ.

"ನಮ್ ಮೀನೂ ನಿಮ್ ತರಾನೇ ಸಾಮಿ," ಎಂದರು ಗೌಡರು. "ಪಾಚಿ, ಸೊಪ್ಪು, ಹಿಂಡಿ ಬಿಟ್ರೆ ಬೇರೆ ಮುಟ್ಟಕ್ಕಿಲ್ಲ. ಕಪ್ಪೆ ತೋರಿಸಿದ್ರೆ ದೂರ ಓಡ್ತವೆ."

ಸಸ್ಯಾಹಾರಿ ಮನುಷ್ಯ ಎರಡು ವರ್ಷ ಸಸ್ಯಾಹಾರಿ ಮೀನುಗಳಿಗೆ ಮಾಂಸಾಹಾರ ಬಡಿಸಿದ್ದ! ನಾನು ನಗು ತಡೆಯಲಾರದೆ ಕಾರಿನ ಹಿಂದೆ ಹೋಗಿ ನಿಂತೆ. ಚಿಕ್ಕಪ್ಪ ಮಾತ್ರ ಗಂಭೀರವಾಗಿ, ಕಪ್ಪೆ ತಿನ್ನುವ ಮೀನು ಒಂದೂ ಇಲ್ಲವೇ ಎಂದು ಕೇಳಿದರು. ಹೊಂಡದ ಮೂಲೆಯಲ್ಲಿ, ತಾವರೆ ಎಲೆ ಹಬ್ಬಿದ ಕಡೆ ನಾಲ್ಕೈದು ಕೊರವ ಮೀನು ಇವೆ, ಅವಕ್ಕೆ ಹಾವಿನಂಥ ತಲೆ, ಅವು ಕಪ್ಪೆ ಹಿಡಿಯುತ್ತವೆ, ಆದರೆ ಬಲು ಚಾಲಾಕಿ ಎಂದರು ಗೌಡರು. ಅಂದಿನಿಂದ ಚಿಕ್ಕಪ್ಪ ಆ ಮೂಲೆ ಬಿಟ್ಟು ಕದಲಲಿಲ್ಲ.

ರಬ್ಬರ್ ಕಪ್ಪೆಯನ್ನು ಎಲೆಯ ಮೇಲೆ ಎಸೆದು, ಮಣಿಕಟ್ಟನ್ನು ಸಣ್ಣಗೆ ಅದುರಿಸಿ ಅದಕ್ಕೆ ಜೀವ ಬರಿಸಬೇಕು. ಚಿಕ್ಕಪ್ಪನಿಗೆ ಬಾರದೇ ಹೋದದ್ದು ಇದೊಂದೇ. ಮೂವತ್ತೈದು ವರ್ಷ ರಬ್ಬರ್ ಸ್ಟಾಂಪು ಒತ್ತಿದ ಕೈ ನೋಡಿ! ಅವರು ಎಳೆದರೆ ಕಪ್ಪೆ ಆಫೀಸಿಗೆ ತಡವಾದವರಂತೆ ಓಡಿಬಿಡುತ್ತಿತ್ತು. ಇನ್ನೂ ನಾಲ್ಕು ವರ್ಷ ಹೀಗೇ ಕಳೆಯಿತು. ಕೊರವಗಳು ನೀರೊಳಗಿನಿಂದ ನೋಡಿ ನೋಡಿ ಹೋಗುತ್ತಿದ್ದವು. ಮದುವೆ ಮುಂಜಿಗಳಲ್ಲಿ ನೆಂಟರು ಎಷ್ಟಾಯಿತು ಎಂದು ಕೇಳಿದರೆ ಚಿಕ್ಕಪ್ಪ ಹೆಬ್ಬೆರಳು ತೋರುಬೆರಳು ಸೇರಿಸಿ ಸೊನ್ನೆ ತೋರಿಸಿ, ತಾವೇ ಮೊದಲು ನಗುತ್ತಿದ್ದರು.

ಹೋದ ವರ್ಷ ದೀಪಾವಳಿಯ ನಂತರ ಅವರ ಬಲಗೈ ನಡುಗತೊಡಗಿತು. ಮೊದಲು ಕಾಫಿ ಲೋಟ ತುಳುಕಿತು, ಆಮೇಲೆ ಸಹಿ ಕೆಟ್ಟಿತು. ಡಾಕ್ಟರು ಮಾತ್ರೆ ಬರೆದುಕೊಟ್ಟರು. ಇದು ಪೂರ್ತಿ ಹೋಗುವಂಥದ್ದಲ್ಲ, ಇದರ ಜೊತೆಗೇ ಬದುಕಬೇಕು ಎಂದರು. ಒಂದು ಶನಿವಾರ ನಾನು ಹೋದಾಗ ಚಿಕ್ಕಪ್ಪ ಕಿಟಕಿಯ ಬೆಳಕಿನಲ್ಲಿ ಕೂತು ರಬ್ಬರ್ ಕಪ್ಪೆಯ ಮೂತಿಯಲ್ಲಿರುವ ಸಣ್ಣ ತಂತಿಯ ಬಳೆಗೆ ದಾರ ಪೋಣಿಸುತ್ತಿದ್ದರು. ನಾನು ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಪೇಪರಿನ ನಾಲ್ಕು ಪುಟ ಓದಿ ಮುಗಿಸಿದರೂ ದಾರ ಒಳಗೆ ಹೋಗಿರಲಿಲ್ಲ. ಕೊನೆಗೆ ಅವರು ಪೆಟ್ಟಿಗೆ ಮುಚ್ಚಿ ನನ್ನ ಕಡೆ ನೂಕಿದರು.

"ಯಾರಿಗಾದ್ರೂ ಕೊಟ್ಬಿಡೋ ಇದನ್ನ. ನಂದು ಆಯ್ತು."

ನನಗೆ ವಿಪರೀತ ಸಂಕಟವಾಯಿತು, ಸಂಕಟಕ್ಕಿಂತ ಹೆಚ್ಚು ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ. ಆರು ವರ್ಷ ನಾನು ಆಡಿಕೊಂಡಿದ್ದೇನೆ, ನಿಜ. ಆದರೆ ಈ ಮನುಷ್ಯನ ಗಾಳಕ್ಕೆ ಒಂದು ಮೀನೂ ಬೀಳದೆ ಎಲ್ಲ ಮುಗಿದುಹೋಗುವುದು ನನಗೆ ಬೇಕಿರಲಿಲ್ಲ. ನಾಳೆ ಒಂದೇ ಸಲ ಹೋಗೋಣ, ದಾರ ನಾನು ಕಟ್ಟುತ್ತೇನೆ ಎಂದು ಹಟ ಹಿಡಿದೆ. ಅಡುಗೆಮನೆಯಿಂದ ಚಿಕ್ಕಮ್ಮ ಹೊರಗೆ ಬಂದು, ನಾನೂ ಬರುತ್ತೇನೆ ಎಂದುಬಿಟ್ಟರು. ಆರು ವರ್ಷದಲ್ಲಿ ಒಮ್ಮೆಯೂ ಆ ಕಡೆ ತಲೆ ಹಾಕದವರು! ಗಂಡ ಜಾರಿ ನೀರಿಗೆ ಬಿದ್ದಾರೆಂಬ ಭಯವಿರಬೇಕು ಎಂದುಕೊಂಡೆ.

ಮಾರನೆಯ ದಿನ ಹೊಂಡದ ಹತ್ತಿರ ಯಾರೂ ಇರಲಿಲ್ಲ. ಗೌಡರು ಗೇಟು ತೆಗೆದುಕೊಟ್ಟು ಮದುವೆಗೆಂದು ಹೋದರು. ಚಿಕ್ಕಮ್ಮ ಹೊಂಗೆ ಮರದ ಕೆಳಗೆ ಚಾಪೆ ಹಾಸಿ, ನೀರಿಗೆ ಬೆನ್ನು ಮಾಡಿ ಕೂತು, ಮಲ್ಲಿಗೆ ಮೊಗ್ಗು ಕಟ್ಟತೊಡಗಿದರು. ನಾನು ಕಟ್ಟಿದ ಮೊದಲ ಗಂಟು ಎಸೆಯುವಾಗಲೇ ಬಿಚ್ಚಿಕೊಂಡು, ಚಿಕ್ಕಪ್ಪನ ಅತ್ಯುತ್ತಮ ಹಸಿರು ಕಪ್ಪೆ ಒಂಟಿಯಾಗಿ ಹಾರಿಹೋಗಿ ಹೊಂಡದ ನಡುವೆ ಬಿತ್ತು. ಎರಡನೆಯದೂ ಅದರ ಹಿಂದೆಯೇ ಹೋಯಿತು. ಮೂರನೆಯ ಗಂಟಿಗೆ ನಾನು ನನಗೆ ಗೊತ್ತಿದ್ದ ಎಲ್ಲ ಗಂಟುಗಳನ್ನೂ ಒಂದರ ಮೇಲೊಂದು ಹಾಕಿದೆ.

ಚಿಕ್ಕಪ್ಪ ಎಡಗೈಯ ಆಸರೆ ಕೊಟ್ಟು ಎಸೆದರು. ಕಪ್ಪೆ ಎಲೆಯ ಮೇಲೆ ಬಿತ್ತು. ಅವರ ಕೈ ನಡುಗುತ್ತಿತ್ತು, ಕೋಲು ನಡುಗುತ್ತಿತ್ತು, ಆ ನಡುಕ ದಾರದುದ್ದಕ್ಕೂ ಹರಿದು ಎಲೆಯ ಮೇಲಿನ ಕಪ್ಪೆ ಸಣ್ಣಗೆ ಅದುರತೊಡಗಿತು. ಹೌದು, ಅಮೆರಿಕದ ಮುದುಕ ಹೇಳಿದ ಅದೇ ಅದುರು! ಚಿಕ್ಕಪ್ಪನೂ ಅದನ್ನು ಗಮನಿಸಿದರು.

"ನೋಡೋ, ಆರು ವರ್ಷ ಕಲಿತ್ರೂ ಬರ್ಲಿಲ್ಲ. ಈಗ ತಾನಾಗೇ ಬರ್ತಿದೆ," ಎಂದರು.

ಅಷ್ಟರಲ್ಲಿ ಎಲೆ ಒಡೆದು ನೀರು ಸಿಡಿಯಿತು. ಕೋಲು ಬಾಗಿತು. ನಾನು ಹಿಂದಿನಿಂದ ಅವರ ಸೊಂಟ ಹಿಡಿದುಕೊಂಡೆ, ಅವರು ರೀಲು ಸುತ್ತಿದರು, ಯಾರು ಯಾರನ್ನು ಎಳೆದರೋ ನನಗೆ ನೆನಪಿಲ್ಲ. ಮೊಳದುದ್ದದ ಕಪ್ಪು ಕೊರವ ದಡದ ಒದ್ದೆ ಹುಲ್ಲಿನ ಮೇಲೆ ಬಂದು ಬಿತ್ತು. ಚಿಕ್ಕಪ್ಪ ಮಂಡಿಯೂರಿ ಅದರ ಮುಖ ನೋಡಿದರು. ಕೊಕ್ಕೆ ಬಿಡಿಸಲು ಕೈ ಚಾಚಿದರು. ಆಗಲಿಲ್ಲ. ಬೆರಳುಗಳು ಕೊಕ್ಕೆಯ ಸುತ್ತ ಅಲೆದವೇ ಹೊರತು ಅದನ್ನು ಹಿಡಿಯಲಿಲ್ಲ. ಎರಡನೇ ಸಲವೂ ಆಗಲಿಲ್ಲ. ಮೀನು ಬಾಯಿ ತೆರೆದು ಮುಚ್ಚುತ್ತಿತ್ತು. ಅವರು ತಲೆಯೆತ್ತಿ ನನ್ನನ್ನು ನೋಡಿದರು. ನಾಚಿಕೆ ಬಿಟ್ಟು ಹೇಳುತ್ತೇನೆ, ಅದರ ಹಲ್ಲು ನೋಡಿ ನಾನು ಎರಡು ಹೆಜ್ಜೆ ಹಿಂದೆ ಸರಿದಿದ್ದೆ.

"ಅಯ್ಯೋ, ಸತ್ತುಹೋಗತ್ತೆ ಕಣೋ," ಎಂದರು ಚಿಕ್ಕಪ್ಪ. ಕಣ್ಣಲ್ಲಿ ನೀರು ತುಂಬಿತ್ತು.

ನನ್ನನ್ನು ಪಕ್ಕಕ್ಕೆ ಸರಿಸಿ ಚಿಕ್ಕಮ್ಮ ಬಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಕೆಸರಿನಲ್ಲೇ ಕೂತರು. ಹುಟ್ಟಿದಾಗಿನಿಂದ ಮೀನನ್ನು ಮುಟ್ಟುವುದಿರಲಿ, ಮೀನಿನ ಅಂಗಡಿಯ ಬೀದಿಯಲ್ಲೂ ನಡೆಯದ ಹೆಂಗಸು! ಎಡಗೈಯಲ್ಲಿ ಅದರ ಕತ್ತಿನ ಹಿಂದೆ ಭದ್ರವಾಗಿ ಹಿಡಿದು, ಹೂ ಕಟ್ಟುವ ಬಲಗೈ ಬೆರಳಿನಿಂದ ಕೊಕ್ಕೆಯನ್ನು ಒಂದೇ ತಿರುವಿಗೆ ಬಿಡಿಸಿದರು. ಎರಡೂ ಕೈಯಲ್ಲಿ ಎತ್ತಿ ನೀರಿಗಿಟ್ಟರು. ಅದು ಒಂದು ಕ್ಷಣ ಅವರ ಅಂಗೈಯಲ್ಲೇ ನಿಂತು, ಬಾಲ ಬೀಸಿ ಹೋಯಿತು.

ಅವರು ಎದ್ದು ಬರುತ್ತಾರೆ, ಬೈಯುತ್ತಾರೆ ಎಂದು ನಾವಿಬ್ಬರೂ ಕಾಯುತ್ತಿದ್ದೆವು. ಅವರು ಏಳಲೇ ಇಲ್ಲ. ಹುಲ್ಲಿನ ಮೇಲೆ ಬಿದ್ದಿದ್ದ ಕಪ್ಪೆಯನ್ನು ಎತ್ತಿಕೊಂಡು, ನಾನು ಹಾಕಿದ್ದ ಗಂಟನ್ನು ನೋಡಿ ತಲೆಯಾಡಿಸಿ, ಉಗುರಿನಿಂದ ಬಿಡಿಸಿದರು.

"ಇದನ್ನ ಹ್ಯಾಗೆ ಕಟ್ಟೋದು? ಬಾಯಲ್ಲಿ ಹೇಳಿ ಸಾಕು, ನಾನು ಕಟ್ತೀನಿ."

ಚಿಕ್ಕಪ್ಪ ಹೇಳತೊಡಗಿದರು. ಬಳೆಯೊಳಗೆ ತೂರಿಸಬೇಕು, ಐದು ಸುತ್ತು ಸುತ್ತಬೇಕು, ತುದಿಯನ್ನು ಹಿಂದಕ್ಕೆ ತಂದು ಮೊದಲ ಕುಣಿಕೆಯೊಳಗೆ ಹಾಕಬೇಕು, ಒದ್ದೆ ಮಾಡಿ ಎಳೆಯಬೇಕು. ಅವರ ದನಿ ಮಧ್ಯೆ ಮಧ್ಯೆ ನಿಲ್ಲುತ್ತಿತ್ತು. ಚಿಕ್ಕಮ್ಮ ಕಾಯುತ್ತಿದ್ದರು, ಮತ್ತೆ ಸುತ್ತುತ್ತಿದ್ದರು. ಗಂಟು ಬಿಗಿದದ್ದೇ, ಕೊರವದ ಲೋಳೆ ಹತ್ತಿದ್ದ ಆ ದಾರವನ್ನು ಹಲ್ಲಿಗೆ ಕೊಟ್ಟು ಮಿಕ್ಕಿದ್ದನ್ನು ಕಡಿದು ಉಗಿದರು.

ಆಮೇಲೆ ಕೋಲನ್ನು ಎತ್ತಿ ಗಂಡನ ನಡುಗುವ ಕೈಯಲ್ಲಿಟ್ಟು, ಆ ಕೈಯನ್ನು ತಮ್ಮ ಕೈಯಿಂದ ಒಂದು ಗಳಿಗೆ ಮುಚ್ಚಿ ಹಿಡಿದರು.

"ಹೂಂ, ಎಸೀರಿ," ಎಂದರು.