ಅಡಿಗಲ್ಲಿನ ಮೇಲೆ ಕೂತ ದೇವರು

ನನಗೆ ದೇವಸ್ಥಾನದ ದೇವರ ಭಯ ಅಷ್ಟಾಗಿ ಇಲ್ಲ; ಟೀವಿಯಲ್ಲಿ ಬರುವ ದೇವರುಗಳದ್ದೇ ಭಯ. ದೇವಸ್ಥಾನದ ದೇವರು ಇದ್ದಲ್ಲೇ ಇರುತ್ತಾನೆ. ಟೀವಿಯವನು ಆಕಾಶದಿಂದ ನೇರವಾಗಿ ಯಾರದೋ ಕಾರಿನ ಮೇಲೆ ಇಳಿಯುತ್ತಾನೆ. ಮಿಕ್ಕವರು ಚಪ್ಪಾಳೆ ತಟ್ಟುವಾಗ ನಾನು, ಪಾಪ ಆ ಕಾರಿನವನು ನಾಳೆ ಆಫೀಸಿಗೆ ಹೇಗೆ ಹೋಗುತ್ತಾನೋ ಎಂದು ಚಿಂತಿಸುತ್ತಿರುತ್ತೇನೆ. "ರೀ, ಅದು ಅವರ ಕಾರು. ನೀವು ಪಾಪ್‌ಕಾರ್ನ್ ತಿನ್ನಿ" ಎನ್ನುತ್ತಾಳೆ ನನ್ನ ಹೆಂಡತಿ ಸುಮಾ. ಆದರೂ ನಾನು ತಪ್ಪದೆ ನೋಡುತ್ತೇನೆ. ಹದಿನಾಲ್ಕು ವರ್ಷದ ಮಗಳು ಇಂಚರ ವಾರದಲ್ಲಿ ಒಂದು ಗಂಟೆ ನಮ್ಮ ಪಕ್ಕ ಕೂರುವುದು ಆ ಫ್ಯಾಂಟಸಿ ಸೀರಿಯಲ್ಲಿಗಾಗಿ ಮಾತ್ರ.

ಅದರಲ್ಲಿ ಗ್ರೀಕರ ಕಮ್ಮಾರ ದೇವರೊಬ್ಬ ಇದ್ದಾನೆ, ಹೆಫೆಸ್ಟಸ್ ಅಂತ. ಹಳೆಯ ಕತೆಯಲ್ಲಿ ಆತ ಕುಂಟ, ಮೈಯೆಲ್ಲ ಮಸಿ, ದೇವತೆಗಳಿಗೆಲ್ಲ ಆಯುಧ ಮಾಡಿಕೊಟ್ಟು ಅವರಿಂದಲೇ ನಗೆಗೀಡಾದವನು. ಸೀರಿಯಲ್ಲಿನವನು ಹಾಗಲ್ಲ. ಕರಿ ಟೀ ಶರ್ಟು, ಅಚ್ಚುಕಟ್ಟಾಗಿ ಕತ್ತರಿಸಿದ ಗಡ್ಡ. ಕುಂಟುಗಾಲಿನ ಜಾಗದಲ್ಲಿ ನೀಲಿ ಬೆಳಕು ಬೀರುವ ಲೋಹದ ಕಾಲು; ಅದರಲ್ಲಿ ಅವನು ನನಗಿಂತ ಚೆನ್ನಾಗಿ ಮೆಟ್ಟಿಲು ಹತ್ತುತ್ತಾನೆ. ಇದ್ದಿಲಿಲ್ಲ, ಗಾಳಿಯೂದುವ ತಿದಿಯಿಲ್ಲ, ಗಾಜಿನ ಮೇಲೆ ಬೆರಳಾಡಿಸಿದರೆ ಖಡ್ಗ ತಯಾರು. ಇದೆಲ್ಲವನ್ನೂ ನಾನು ಸಹಿಸಿದ್ದೆ. ಆದರೆ ಒಂದು ಶುಕ್ರವಾರ ಆ ಮಹಾನುಭಾವ ಕಾದ ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಆರಾಮಾಗಿ ಕೂತು, ಕಾಲು ಅಲ್ಲಾಡಿಸುತ್ತ, ಡಬ್ಬಿಯಿಂದ ನೂಡಲ್ಸು ತಿನ್ನತೊಡಗಿದ.

"ಏಯ್! ಇಳಿಯೋ ಕೆಳಗೆ!" ಎಂದು ನಾನು ಕೂಗಿಬಿಟ್ಟೆ.

ಇಂಚರ ಸೀರಿಯಲ್ಲು ನಿಲ್ಲಿಸಿದಳು. ದೇವರು ಬಾಯಿಂದ ನೂಡಲ್ಸು ಇಳಿಬಿಟ್ಟುಕೊಂಡು ಕೂತಲ್ಲೇ ಸ್ತಬ್ಧನಾದ. "ಅಪ್ಪಾ, ವಾಟ್ ಹ್ಯಾಪನ್ಡ್?"

"ಅದರ ಮೇಲೆ ಕೂರಬಾರದು ಪುಟ್ಟಾ. ಕಮ್ಮಾರರು ಯಾರೂ ಕೂರಲ್ಲ."

"ಹೌ ಡು ಯು ನೋ?"

ಸಿಕ್ಕಿಬಿದ್ದೆ. ಯಾಕೆಂದರೆ ನನ್ನ ತಾತ ಏನು ಮಾಡುತ್ತಿದ್ದರು ಎಂಬ ವಿಷಯದಲ್ಲಿ ಈ ಮನೆಯಲ್ಲಿ ಒಂದು ಸುಳ್ಳು ಬಹಳ ವರ್ಷಗಳಿಂದ ಸುಖವಾಗಿ ಬಾಳಿಕೊಂಡಿತ್ತು. ನಾವು ಪರದೇಶಕ್ಕೆ ಬಂದು ಎವರ್‌ಗ್ರೀನ್ ಬಡಾವಣೆ ಸೇರಿದ ಹೊಸತರಲ್ಲಿ, ಮನೆಗೊಂದು ಅಡುಗೆ ತಂದು ಹಂಚಿಕೊಳ್ಳುವ ಒಂದು ಪಾಟ್‌ಲಕ್ಕಿನಲ್ಲಿ ಎಲ್ಲರೂ ಬಿಸಿಬೇಳೆಬಾತಿನ ಜೊತೆ ತಂತಮ್ಮ ತಾತಂದಿರನ್ನೂ ಬಡಿಸಿಕೊಂಡಿದ್ದರು. ಒಬ್ಬರ ತಾತ ಜಡ್ಜು, ಇನ್ನೊಬ್ಬರ ತಾತ ಮೈಸೂರಿನಲ್ಲಿ ಡಾಕ್ಟರು. ನನ್ನ ಸರದಿ ಬಂದಾಗ "ನಮ್ಮ ತಾತ ಸ್ಟೀಲ್ ಲೈನಲ್ಲಿದ್ದರು" ಎಂದೆ. "ಓ, ಭದ್ರಾವತಿನಾ?" ಎಂದರು ಯಾರೋ. ನಾನು ಕೆಮ್ಮಿದೆ. ಆ ಕೆಮ್ಮನ್ನು ಅವರು ಹೌದು ಎಂದು ತಿಳಿದುಕೊಂಡರು. ಇಂಚರ ಎರಡನೇ ಕ್ಲಾಸಿನಲ್ಲಿ ವಂಶವೃಕ್ಷ ಬರೆದಾಗ ಮುತ್ತಾತನಿಗೆ ಹಳದಿ ಹೆಲ್ಮೆಟ್ ತೊಡಿಸಿ, ಪಕ್ಕದಲ್ಲಿ ಚಿಮಣಿ ನಿಲ್ಲಿಸಿದ್ದಳು. ಟೀಚರು ಅದಕ್ಕೆ ನಕ್ಷತ್ರ ಬೇರೆ ಅಂಟಿಸಿದ್ದರು.

ತಾತ ಸಿದ್ದಾಚಾರ್ ಹೆಲ್ಮೆಟ್ ಕಂಡವರೇ ಅಲ್ಲ. ಮಂಡ್ಯದ ಕಡೆಯ ನಮ್ಮೂರಲ್ಲಿ ಹೊಂಗೆಮರದ ಕೆಳಗೆ ಅವರ ಕುಲುಮೆ. ತಿದಿ ಊದಿದರೆ ಇಡೀ ಗುಡಿಸಲು ಉಸಿರಾಡುತ್ತಿದೆಯೇನೋ ಅನ್ನಿಸುತ್ತಿತ್ತು. ಕೆಂಪಗೆ ಕಾದ ಕುಡುಗೋಲನ್ನು ನೀರಿಗೆ ಅದ್ದಿದಾಗ ಚೊಂಯ್ ಅಂತ ಏಳುತ್ತಿದ್ದ ಹಬೆಯ ವಾಸನೆ ಈಗಲೂ, ಮೆನ್ಲೋ ಪಾರ್ಕಿನ ಆಫೀಸಿನಲ್ಲಿ ಕಾಫಿ ಮೆಷೀನು ಬುಸುಗುಟ್ಟಿದರೆ, ಎಲ್ಲಿಂದಲೋ ಬಂದು ಮೂಗಿಗೆ ತಟ್ಟುತ್ತದೆ. ಗಾಡಿಚಕ್ರದ ಪಟ್ಟಿ ಬಿದ್ದು ಅವರ ಎಡಗಾಲು ಕುಂಟಾಗಿತ್ತು. ಬೆಳಿಗ್ಗೆ ಅಡಿಗಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಸುತ್ತಿಗೆ ಹಿಡಿದವರಲ್ಲ. ಒಮ್ಮೆ ನಾನು ಅದನ್ನೇರಿ ಕೂತಾಗ ಬೈಯಲಿಲ್ಲ. "ಇಳಿ ಮಗ. ಅದು ಅನ್ನ ಬೇಯೋ ತಾವು ಕಣಪ್ಪ, ಕೂರೋ ತಾವಲ್ಲ" ಅಂದರು, ಅಷ್ಟೆ.

ಹೈಸ್ಕೂಲಿನಲ್ಲಿ ನನಗೆ ಬಹುಮಾನ ಬಂದ ದಿನ ತಾತ ಬಸ್ಸು ಹತ್ತಿ ಬಂದಿದ್ದರು. ಒಗೆದ ಪಂಚೆ, ಆದರೆ ಉಗುರಿನ ಮಸಿ ಹೋಗಿರಲಿಲ್ಲ. "ಯಾರೋ ಅದು?" ಎಂದ ಗೆಳೆಯನಿಗೆ ನಾನು "ನಮ್ಮೂರಿನವರು" ಎಂದೆ. ತಾತ ಎರಡೇ ಮಾರು ದೂರದಲ್ಲಿದ್ದರು. ಕಡ್ಲೇಪುರಿಯ ಪೊಟ್ಟಣ ನನ್ನ ಕೈಗಿಟ್ಟು, "ಬತ್ತೀನಪ್ಪ" ಅಂತ ನನಗೂ ನನ್ನ ಗೆಳೆಯನಿಗೂ ಒಟ್ಟಿಗೇ ಹೇಳಿ, ಕುಂಟುತ್ತ ಬಸ್‌ಸ್ಟ್ಯಾಂಡಿನ ಕಡೆ ಹೋದರು.

ಇದಿಷ್ಟನ್ನೂ ನಾನು ಆ ಶುಕ್ರವಾರ ಮಗಳಿಗೆ ಹೇಳಿಬಿಟ್ಟೆ. ಭದ್ರಾವತಿಯನ್ನೂ, ಬಹುಮಾನದ ದಿನವನ್ನೂ ಬಿಡಲಿಲ್ಲ. ಹೇಳುವಾಗ ನನಗಿದ್ದ ಚಿಂತೆ ಒಂದೇ: ಇನ್ನು ಇವಳು ನನ್ನನ್ನು ಯಾವ ಕಣ್ಣಿನಿಂದ ನೋಡುತ್ತಾಳೆ?

ಇಂಚರ ರಿಮೋಟು ಕೆಳಗಿಟ್ಟಳು. "ದಟ್ ವಾಸ್ ಸೋ ಮೀನ್, ಅಪ್ಪಾ" ಅಂದಳು. ಆಮೇಲೆ, "ಅಮ್ಮಾ, ಡಿಡ್ ಯು ನೋ?"

"ಗೊತ್ತಿಲ್ದೆ ಏನೇ? ಮದುವೆಗೆ ಮುಂಚೆ ನಮ್ಮಪ್ಪ ಹೋಗಿ ಕುಲುಮೆ ನೋಡ್ಕೊಂಡೇ ಬಂದಿದ್ದು. ನಮ್ಮನೆ ಕೊಡಲಿನೂ ಅಲ್ಲೇ ಹದ ಹಾಕಿಸಿದ್ರು. ನಿಮ್ಮಪ್ಪ ಕೆಮ್ಮಿದಾಗೆಲ್ಲ ಪಾಪ ಅಂತ ನಾನೇ ನೀರು ಕೊಡ್ತಿದ್ದೆ" ಎಂದಳು ಸುಮಾ, ಪಾಪ್‌ಕಾರ್ನಿನಿಂದ ತಲೆಯೆತ್ತದೆ.

ಮುಂದಿನ ವಾರ ಇಂಚರಳ ಸ್ಕೂಲಿನಲ್ಲಿ ಅಪ್ಪ ಅಮ್ಮಂದಿರ ಸಭೆ. ಬಾಗಿಲ ಬಳಿಯೇ ನಾನು ಒಂದು ಹೆಜ್ಜೆ ಹಿಂದೆ ಉಳಿದೆ. ನನ್ನನ್ನು ಯಾರೆಂದು ಹೇಳುತ್ತಾಳೋ, ಹೇಳುತ್ತಾಳೋ ಇಲ್ಲವೋ. ಅವಳು ಸೀದಾ ನನ್ನ ತೋಳು ಹಿಡಿದು ಟೀಚರ ಮುಂದೆ ನಿಲ್ಲಿಸಿ, "ದಿಸ್ ಈಸ್ ಮೈ ಡ್ಯಾಡ್" ಅಂದಳು. ಅಲ್ಲಿಂದ ಶುರು ಮಾಡಿ ಮುತ್ತಾತನ ಕುಲುಮೆ, ತಿದಿ, ಕುಂಟುಗಾಲು, ಅಡಿಗಲ್ಲಿಗೆ ಮಾಡುತ್ತಿದ್ದ ನಮಸ್ಕಾರ, ಎಲ್ಲವನ್ನೂ ಕೈಯಾಡಿಸುತ್ತ ವರ್ಣಿಸಿದಳು. ಟೀಚರು ಬೆರಗಾಗಿ ನನ್ನ ಕಡೆ ತಿರುಗಿ, ನೀವೇನು ಮಾಡುತ್ತೀರಿ ಎಂದು ಕೇಳಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಇಂಚರಳೇ ಉತ್ತರಿಸಲು ಹೊರಟಳು, ಹೊರಟವಳು ತಡವರಿಸಿದಳು. ನನ್ನ ಮುಖ ನೋಡಿದಳು, ನೆಲ ನೋಡಿದಳು. ಕೊನೆಗೆ ನನ್ನ ಮರ್ಯಾದೆ ಕಾಪಾಡಲು ತನ್ನ ಕೈಲಾದದ್ದು ಮಾಡಿದಳು.

"ಹೀ ಗೋಸ್ ಟು ಅ ಲಾಟ್ ಆಫ್ ಮೀಟಿಂಗ್ಸ್."